‘ಬೂಮ್’ ಎಂಬ ಒಂದೇ ಇಂಗ್ಲಿಷ್ ಪದಕ್ಕೆ ಸದ್ದು ಮತ್ತು ಬೆಳವಣಿಗೆ ಎಂಬ ಎರಡು ಅರ್ಥಗಳು: ಹೇಗೆ ಕಲಿಯಬೇಕು?

ಪ್ರಶ್ನೆ — ಪದಾನ್ವೇಷಿ

ಎಲ್ಲರಿಗೂ ನಮಸ್ಕಾರ.

ಇಂಗ್ಲಿಷ್ ಪತ್ರಿಕೆ ಮತ್ತು ಕಥೆಗಳನ್ನು ಓದುತ್ತ ಪದಸಂಪತ್ತನ್ನು ಹೆಚ್ಚಿಸಿಕೊಳ್ಳುವ ಪ್ರಯತ್ನದಲ್ಲಿ ನಾನಿದ್ದೇನೆ. ‘ಬೂಮ್’ ಎಂಬ ಪುಟ್ಟ ಪದ ಎದುರಾದಾಗಲೆಲ್ಲ ನನ್ನ ಓದು ಅಲ್ಲಿಯೇ ನಿಂತುಬಿಡುತ್ತದೆ. ಕಥೆಯೊಂದರಲ್ಲಿ ದೂರದ ಫಿರಂಗಿಗಳು ‘ಬೂಮ್ಡ್’ ಎಂದಿರುತ್ತದೆ, ಅಲ್ಲಿ ಅದು ಸದ್ದು ಎಂಬುದರಲ್ಲಿ ಸಂದೇಹವಿಲ್ಲ. ವಾಣಿಜ್ಯ ಪುಟವನ್ನು ತೆರೆದರೆ ‘ಬಿಸಿನೆಸ್ ಈಸ್ ಬೂಮಿಂಗ್’ ಎಂಬ ಶೀರ್ಷಿಕೆ ಇರುತ್ತದೆ, ಅಲ್ಲಿ ಸದ್ದಿನ ಸುಳಿವೂ ಇಲ್ಲ. ವ್ಯಾಪಾರ ಚೆನ್ನಾಗಿ ಬೆಳೆಯುತ್ತಿದೆ ಎಂದಷ್ಟೇ ಅರ್ಥ. ನಿಘಂಟನ್ನು ನೋಡಿದರೆ ಹಡಗಿನ ಪಟಕ್ಕೆ ಸಂಬಂಧಿಸಿದ ಉದ್ದನೆಯ ದಿಮ್ಮಿ ಎಂಬ ಮೂರನೆಯ ಅರ್ಥವೂ ಅಲ್ಲಿದೆ.

ಇದು ಒಂದೇ ಪದವೋ, ಒಂದೇ ಕಾಗುಣಿತ ಹೊತ್ತ ಬೇರೆ ಬೇರೆ ಪದಗಳೋ ಎಂಬುದು ನನ್ನ ಮೊದಲ ಪ್ರಶ್ನೆ. ಬೆಳವಣಿಗೆಯ ಅರ್ಥದಲ್ಲಿ ‘ಗ್ರೋ’, ‘ಇನ್‌ಕ್ರೀಸ್’ ಮೊದಲಾದ ಪದಗಳು ಬರುವ ಕಡೆಯಲ್ಲೆಲ್ಲ ಇದನ್ನು ಹಾಕಬಹುದೇ, ಅಥವಾ ಇದಕ್ಕೆ ತನ್ನದೇ ಎಲ್ಲೆ ಇದೆಯೇ ಎಂಬುದು ಎರಡನೆಯದು. ‘ಬೂಮಿಂಗ್’ ಎಂಬ ರೂಪ ಎರಡೂ ಅರ್ಥಗಳಲ್ಲಿ ಬರುವುದರಿಂದ, ವಾಕ್ಯವನ್ನು ಓದುತ್ತಿರುವಾಗಲೇ ಯಾವ ಅರ್ಥವೆಂದು ಗುರುತಿಸುವ ದಾರಿ ಯಾವುದು ಎಂಬುದು ಕೊನೆಯದು. ಅರ್ಥಗಳ ಪಟ್ಟಿಯನ್ನು ಬಾಯಿಪಾಠ ಮಾಡುವ ಬದಲು ಪದದ ಸ್ವಭಾವವನ್ನೇ ತಿಳಿದುಕೊಳ್ಳಬೇಕೆಂಬ ಆಸೆ ನನ್ನದು. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ — ಭಾಷಾಬೋಧಕಿ

ಪದಾನ್ವೇಷಿ ಅವರೇ, ನಿಮ್ಮ ಪ್ರಶ್ನೆಗಳಲ್ಲಿ ಎರಡನೆಯದೇ ಮುಖ್ಯವೆಂದು ನನಗೆ ತೋರುತ್ತದೆ. ಅದಕ್ಕೆ ಉತ್ತರ ಸಿಕ್ಕರೆ ಉಳಿದ ಗೊಂದಲ ಬಹುಮಟ್ಟಿಗೆ ತಾನಾಗಿಯೇ ಕರಗುತ್ತದೆ. ಆದರೆ ಅಲ್ಲಿಗೆ ಹೋಗುವ ಮೊದಲು ಸದ್ದಿನ ಅರ್ಥವನ್ನು ಸರಿಯಾಗಿ ಹಿಡಿಯಬೇಕು, ಏಕೆಂದರೆ ಅನೇಕರು ಇದನ್ನು ಬರಿದೇ ‘ದೊಡ್ಡ ಸದ್ದು’ ಎಂದು ಬರೆದುಕೊಂಡು ಮುಂದೆ ಸಾಗುತ್ತಾರೆ.

ಇಂಗ್ಲಿಷಿನಲ್ಲಿ ಸದ್ದಿನ ಪದಗಳು ಬಹಳ ಸೂಕ್ಷ್ಮವಾಗಿ ಹಂಚಿಕೆಯಾಗಿವೆ. ಬಾಗಿಲು ಗಾಳಿಗೆ ಬಡಿದುಕೊಂಡಾಗಿನ ಚುರುಕಾದ, ಕ್ಷಣಮಾತ್ರದ ಸದ್ದು ‘ಬ್ಯಾಂಗ್’. ಭಾರವಾದ ಮೂಟೆ ನೆಲಕ್ಕೆ ಬಿದ್ದಾಗಿನ ಮಂದವಾದ ಸದ್ದು ‘ಥಡ್’. ಲೋಹಕ್ಕೆ ಲೋಹ ತಾಗಿದ ಸದ್ದು ‘ಕ್ಲ್ಯಾಂಗ್’. ‘ಬೂಮ್’ ಎಂಬುದು ತಗ್ಗು ಸ್ಥಾಯಿಯ, ಒಳಗೆ ಪೊಳ್ಳಾದಂತೆ ಕೇಳುವ, ಸುತ್ತಲಿನ ಜಾಗವನ್ನೆಲ್ಲ ತುಂಬಿಕೊಂಡು ಸ್ವಲ್ಪ ಹೊತ್ತು ಮೊಳಗುತ್ತಲೇ ಉಳಿಯುವ ಸದ್ದು. ದೂರದ ಫಿರಂಗಿ, ದೊಡ್ಡ ನಗಾರಿ, ಬಂಡೆಗೆ ಅಪ್ಪಳಿಸುವ ಸಮುದ್ರದ ಅಲೆ, ಗುಡುಗು ಇವೆಲ್ಲಕ್ಕೂ ಈ ಕ್ರಿಯಾಪದ ಸಲ್ಲುತ್ತದೆ. ‘ಎ ಬೂಮಿಂಗ್ ವಾಯ್ಸ್’ ಎಂಬುದಕ್ಕೆ ಕನ್ನಡದ ‘ಕಂಚಿನ ಕಂಠ’ ಎಂಬ ಮಾತು ತುಂಬ ಹತ್ತಿರದ್ದು. ಇಲ್ಲಿ ದೂರದ ಮಾತು ಮತ್ತೆ ಮತ್ತೆ ಬರುವುದಕ್ಕೆ ಭೌತಿಕ ಕಾರಣವೂ ಇದೆ. ಹೆಚ್ಚು ಕಂಪನಾಂಕದ ಸದ್ದನ್ನು ಗಾಳಿ ಬೇಗನೆ ಹೀರಿಕೊಳ್ಳುತ್ತದೆ, ಕಡಿಮೆ ಕಂಪನಾಂಕದ ಸದ್ದು ಬಹಳ ದೂರ ಸಾಗುತ್ತದೆ. ಆದ್ದರಿಂದಲೇ ಹತ್ತಿರದಲ್ಲಿ ಬಿದ್ದ ಸಿಡಿಲು ಚಟ್ಟೆಂದು ಸೀಳಿದಂತೆ ಕೇಳುತ್ತದೆ, ಅದೇ ಸಿಡಿಲು ದೂರದವರಿಗೆ ಗಂಭೀರವಾದ ಗುಡುಗಾಗಿ ಕೇಳುತ್ತದೆ. ಇಂಗ್ಲಿಷ್ ಲೇಖಕರು ಮೊದಲನೆಯದಕ್ಕೆ ‘ಕ್ರ್ಯಾಕ್’ ಎನ್ನುತ್ತಾರೆ, ಎರಡನೆಯದಕ್ಕೆ ‘ಬೂಮ್’ ಎನ್ನುತ್ತಾರೆ.

ಈಗ ಬೆಳವಣಿಗೆಯ ಅರ್ಥಕ್ಕೆ ಬರೋಣ. ಸದ್ದಿನಲ್ಲಿರುವ ಮೂರು ಗುಣಗಳು, ಅಂದರೆ ಹಠಾತ್ತಾಗಿ ಹೊರಡುವುದು, ಬಲವಾಗಿರುವುದು, ಸುತ್ತಲೂ ಎಲ್ಲರಿಗೂ ಕೇಳುವಂತೆ ಹರಡುವುದು, ಬೆಳವಣಿಗೆಯ ‘ಬೂಮ್’ನಲ್ಲಿಯೂ ಹಾಗೆಯೇ ಉಳಿದುಕೊಂಡಿವೆ. ನಿಧಾನವಾಗಿ, ಸದ್ದಿಲ್ಲದೆ, ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಆಗುವ ಹೆಚ್ಚಳವನ್ನು ಯಾರೂ ಬೂಮ್ ಎನ್ನುವುದಿಲ್ಲ. 1848ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿದ ಮೇಲೆ, ಸುಮಾರು ಸಾವಿರ ಜನರಿದ್ದ ಸ್ಯಾನ್ ಫ್ರಾನ್ಸಿಸ್ಕೋ ಎರಡು ವರ್ಷಗಳೊಳಗೆ ಸುಮಾರು 25,000 ಜನರ ಊರಾಯಿತು. ಇಂಥ ಊರಿಗೆ ‘ಬೂಮ್‌ಟೌನ್’ ಎಂಬ ಹೆಸರು ಸಲ್ಲುತ್ತದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಜನನಗಳ ಸಂಖ್ಯೆ ಒಮ್ಮೆಲೇ ಏರಿತು. ಆ ಏರಿಕೆಗೆ ‘ಬೇಬಿ ಬೂಮ್’ ಎಂದು ಹೆಸರು. ಅಲ್ಲಿನ ಜನಗಣತಿ ಇಲಾಖೆ 1946ರಿಂದ 1964ರವರೆಗಿನ ಅವಧಿಯನ್ನು ಈ ಹೆಸರಿನಿಂದ ಗುರುತಿಸುತ್ತದೆ, ಮತ್ತು ಏರಿಕೆಯ ತುದಿಯಾದ 1957ರಲ್ಲಿ ಅಲ್ಲಿ ಸುಮಾರು 43 ಲಕ್ಷ ಮಕ್ಕಳು ಹುಟ್ಟಿದರು. ಇಂದು ಆ ತಲೆಮಾರಿನವರನ್ನು ‘ಬೂಮರ್’ ಎನ್ನುವುದು ಇದೇ ಕಾರಣದಿಂದ.

ಈ ಉದಾಹರಣೆಗಳಲ್ಲಿ ಕರ್ತೃಪದ ಯಾವುದು ಎಂದು ಗಮನಿಸಿ. ಊರು, ಜನಸಂಖ್ಯೆ, ಮಾರುಕಟ್ಟೆ, ಉದ್ಯಮ, ಬೇಡಿಕೆ, ಪ್ರವಾಸೋದ್ಯಮ, ಆರ್ಥಿಕತೆ, ಹೀಗೆ ಹಲವರ ಚಟುವಟಿಕೆ ಒಟ್ಟಾಗಿ ಸೇರಿದ ಸಂಗತಿಗಳೇ ಬೂಮ್ ಆಗುತ್ತವೆ. ಮಗು ಎತ್ತರವಾಯಿತು ಎನ್ನಲು, ಗಿಡ ಬೆಳೆಯಿತು ಎನ್ನಲು, ಕೂದಲು ಉದ್ದವಾಯಿತು ಎನ್ನಲು, ಒಬ್ಬರ ತಿಳಿವಳಿಕೆ ಹೆಚ್ಚಿತು ಎನ್ನಲು ಈ ಪದ ಸಲ್ಲುವುದಿಲ್ಲ. ಅಲ್ಲಿ ‘ಗ್ರೋ’ ಅಥವಾ ‘ಇಂಪ್ರೂವ್’ ಬೇಕು. ಆದ್ದರಿಂದ ‘ಬೂಮ್’ ಎಂದರೆ ‘ಬೆಳೆ’ ಎಂದು ಬರೆದುಕೊಳ್ಳುವುದು ದಾರಿ ತಪ್ಪಿಸುತ್ತದೆ. ಸಂದರ್ಭಕ್ಕೆ ತಕ್ಕಂತೆ ‘ಭರಾಟೆ’, ‘ಹಠಾತ್ ಏರಿಕೆ’, ‘ಭರದ ಬೆಳವಣಿಗೆ’ ಎಂದು ಬರೆದುಕೊಳ್ಳಿ.

‘ಬೂಮಿಂಗ್’ ಬಂದಾಗ ಅದರ ಮುಂದಿನ ನಾಮಪದವನ್ನು ಅಥವಾ ವಾಕ್ಯದ ಕರ್ತೃವನ್ನು ನೋಡಿದರೆ ಸಾಕು. ಕಂಠ, ನಗು, ನಗಾರಿ, ಫಿರಂಗಿ, ಅಲೆ ಇದ್ದರೆ ಅದು ಸದ್ದು. ಮಾರಾಟ, ವ್ಯಾಪಾರ, ಊರು, ಆರ್ಥಿಕತೆ ಇದ್ದರೆ ಅದು ಬೆಳವಣಿಗೆ. ನಾಮಪದವಾಗಿ ಬಂದಾಗ ‘ಎ ಬೂಮ್ ಇನ್’ ಎಂಬ ಜೋಡಣೆ ಕಂಡರೆ ಅದು ಬೆಳವಣಿಗೆಯ ಅರ್ಥವೆಂದು ಧೈರ್ಯವಾಗಿ ಓದಬಹುದು.

ಉತ್ತರ — ನಿಘಂಟು ಓದುಗ

ಭಾಷಾಬೋಧಕಿ ಮೇಡಂ ಅವರು ಬಳಕೆಯನ್ನು ಚೆನ್ನಾಗಿ ವಿವರಿಸಿದ್ದಾರೆ. ಪದಾನ್ವೇಷಿ ಅವರ ಮೊದಲ ಪ್ರಶ್ನೆಗೆ, ಅಂದರೆ ಇದು ಒಂದೇ ಪದವೋ ಹಲವೋ ಎಂಬುದಕ್ಕೆ, ಪದದ ಚರಿತ್ರೆಯ ಕಡೆಯಿಂದ ಉತ್ತರಿಸುತ್ತೇನೆ.

ಸದ್ದಿನ ‘ಬೂಮ್’ 15ನೆಯ ಶತಮಾನದ ಇಂಗ್ಲಿಷಿನಲ್ಲಿಯೇ ಕಾಣಿಸುತ್ತದೆ. ಆಗ ಅದನ್ನು ಜೇನುನೊಣ ಮತ್ತು ಕಣಜಗಳ ಗುಂಯ್‌ಗುಡುವಿಕೆಗೆ ಬಳಸುತ್ತಿದ್ದರು. ಕೇಳಿದ ಸದ್ದನ್ನೇ ಬಾಯಲ್ಲಿ ಅನುಕರಿಸಿ ಹುಟ್ಟಿದ ಪದವಿದು. ನಮ್ಮ ವ್ಯಾಕರಣದಲ್ಲಿ ಧಡಧಡ, ಪಟಪಟ, ಗುಡುಗುಡು ಮೊದಲಾದವನ್ನು ಅನುಕರಣಾವ್ಯಯ ಎನ್ನುತ್ತೇವಲ್ಲ, ಅದೇ ಜಾತಿಯದು. ಬಿಟರ್ನ್ ಎಂಬ ಜೌಗುನೆಲದ ಬಕಜಾತಿಯ ಹಕ್ಕಿಯ ಗಂಡು ಹೊರಡಿಸುವ, ಕೆಲವು ಕಿಲೋಮೀಟರುಗಳವರೆಗೂ ಕೇಳುವ ಕೂಗಿಗೆ ಇಂದಿಗೂ ‘ಬೂಮ್’ ಎಂದೇ ಹೆಸರು. ತುಟಿ ಕೂಡಿಸಿ ಆರಂಭಿಸಿ, ದೀರ್ಘವಾದ ಊಕಾರವನ್ನು ಎಳೆದು, ಮತ್ತೆ ತುಟಿ ಮುಚ್ಚಿ ಮಕಾರದಲ್ಲಿ ನಿಲ್ಲಿಸುವ ಉಚ್ಚಾರಣೆಯಲ್ಲಿ ಆ ಮೊಳಗಿನ ಉಳಿಕೆಯೂ ಸೇರಿದೆ, ಏಕೆಂದರೆ ಮಕಾರವನ್ನು ಉಸಿರು ಇರುವಷ್ಟು ಹೊತ್ತು ಮೂಗಿನಲ್ಲಿ ಎಳೆಯಬಹುದು.

ದಿಮ್ಮಿ ಅಥವಾ ಉದ್ದನೆಯ ಕೋಲು ಎಂಬ ಅರ್ಥದ ‘ಬೂಮ್’ ಪೂರ್ತಿಯಾಗಿ ಬೇರೆಯ ಪದ. ಅದು ಡಚ್ ಭಾಷೆಯಿಂದ ನಾವಿಕರ ಮೂಲಕ ಬಂದದ್ದು. ಡಚ್ಚಿನಲ್ಲಿ ಅದರ ಅರ್ಥ ಮರ. ಜರ್ಮನ್ನಿನ ‘ಬೌಮ್’ ಮತ್ತು ಇಂಗ್ಲಿಷಿನದೇ ಆದ ‘ಬೀಮ್’ ಅದರ ಬಂಧುಗಳು. ಹಡಗಿನ ಪಟದ ಕೆಳ ಅಂಚನ್ನು ಹಿಡಿದಿಡುವ ದಿಮ್ಮಿ, ಬಂದರಿನ ಬಾಯಿಗೆ ಅಡ್ಡವಾಗಿ ತೇಲಿಬಿಡುವ ತಡೆ, ಚಿತ್ರೀಕರಣದಲ್ಲಿ ಮೈಕ್ರೊಫೋನನ್ನು ನಟರ ತಲೆಯ ಮೇಲೆ ಹಿಡಿಯುವ ಉದ್ದನೆಯ ಕೋಲು, ವಾಹನಗಳನ್ನು ತಡೆಯುವ ಗೇಟಿನ ಏರಿಳಿಯುವ ಅಡ್ಡಪಟ್ಟಿ ಇವೆಲ್ಲವೂ ಈ ಎರಡನೆಯ ಪದದ ಸಂತತಿ. ಇವಕ್ಕೂ ಸದ್ದಿಗೂ ನಂಟಿಲ್ಲ.

ಬೆಳವಣಿಗೆಯ ಅರ್ಥ ಇವೆರಡಕ್ಕಿಂತ ಬಹಳ ಈಚಿನದು. ಅದು ಕಾಣಿಸಿಕೊಂಡದ್ದು 1870ರ ದಶಕದ ಅಮೆರಿಕದಲ್ಲಿ, ಊರುಗಳೂ ವ್ಯಾಪಾರಗಳೂ ಒಮ್ಮೆಲೇ ಏಳಿಗೆ ಹೊಂದುವುದನ್ನು ಹೇಳುವುದಕ್ಕೆ. ಅದರ ಮೂಲದ ಬಗ್ಗೆ ವಿದ್ವಾಂಸರಲ್ಲಿ ಎರಡು ವಿವರಣೆಗಳಿವೆ. ಸದ್ದಿನ ಹಠಾತ್ತನ್ನೂ ಬಲವನ್ನೂ ಆಧರಿಸಿ ಅರ್ಥ ವಿಸ್ತರಿಸಿತು ಎಂಬುದು ಒಂದು. ಪಟಗಳನ್ನೆಲ್ಲ ಬಿಚ್ಚಿ, ದಿಮ್ಮಿಗಳನ್ನು ಹೊರಚಾಚಿ, ಪೂರ್ಣ ವೇಗದಲ್ಲಿ ಸಾಗುವ ಹಡಗಿನ ಚಿತ್ರದಿಂದ ಬಂದಿತು ಎಂಬುದು ಇನ್ನೊಂದು. ಈ ಕಾರಣದಿಂದಲೇ ಕೆಲವು ನಿಘಂಟುಗಳು ಸದ್ದು ಮತ್ತು ಬೆಳವಣಿಗೆಯನ್ನು ಒಂದೇ ನಮೂದಿನ ಕೆಳಗೆ ಇಡುತ್ತವೆ, ಕೆಲವು ಬೇರೆ ಬೇರೆ ಸಂಖ್ಯೆ ಕೊಟ್ಟು ಇಡುತ್ತವೆ. ನನ್ನ ಮಟ್ಟಿಗೆ ಮೊದಲನೆಯ ವಿವರಣೆಯೇ ಹೆಚ್ಚು ಒಪ್ಪುವಂಥದ್ದು, ಏಕೆಂದರೆ ಸದ್ದಿನ ಪದ ಬೆಳವಣಿಗೆಗೆ ಹಬ್ಬುವುದಕ್ಕೆ ಅದೇ ಭಾಷೆಯಲ್ಲಿ ಮತ್ತೊಂದು ಸ್ಪಷ್ಟವಾದ ನಿದರ್ಶನವಿದೆ. ‘ಎಕ್ಸ್‌ಪ್ಲೋಡ್’ ಎಂಬ ಪದದ ಲ್ಯಾಟಿನ್ ಮೂಲಕ್ಕೆ, ನಟನ ಆಟ ಇಷ್ಟವಾಗದೆ ಪ್ರೇಕ್ಷಕರು ಚಪ್ಪಾಳೆ ತಟ್ಟಿ ಅವನನ್ನು ರಂಗದಿಂದ ಓಡಿಸುವುದು ಎಂಬ ಅರ್ಥವಿತ್ತು. ಅಲ್ಲಿಂದ ಅದು ಸದ್ದು ಮಾಡುತ್ತ ಸಿಡಿಯುವುದಕ್ಕೆ ಬಂದು, ಕೊನೆಗೆ ‘ಪಾಪ್ಯುಲೇಶನ್ ಎಕ್ಸ್‌ಪ್ಲೋಶನ್’ ಎಂಬಲ್ಲಿ ಯಾವ ಸದ್ದೂ ಇಲ್ಲದ ಹೆಚ್ಚಳವಾಗಿ ನಿಂತಿದೆ. ಅದನ್ನು ನಾವೂ ಜನಸಂಖ್ಯಾ ಸ್ಫೋಟ ಎಂದೇ ಕರೆಯುತ್ತೇವೆ.

ಕನ್ನಡದ ‘ಅಬ್ಬರ’ವನ್ನೂ ಇಲ್ಲಿ ನೆನೆಯಬಹುದು. ಮೂಲತಃ ಅದು ಗರ್ಜನೆ, ಆರ್ಭಟ; ಆದರೆ ಪ್ರಚಾರದ ಅಬ್ಬರ, ಮಾರಾಟದ ಅಬ್ಬರ ಎನ್ನುವಾಗ ನಾವು ಕಿವಿಗೆ ಕೇಳುವ ಸದ್ದನ್ನು ಕುರಿತು ಮಾತ್ರ ಮಾತನಾಡುತ್ತಿರುವುದಿಲ್ಲ, ಚಟುವಟಿಕೆಯ ಭರವನ್ನು ಕುರಿತು ಮಾತನಾಡುತ್ತಿರುತ್ತೇವೆ. ಅಂದಮೇಲೆ ಸದ್ದಿನಿಂದ ಭರಕ್ಕೆ ಅರ್ಥ ಜಾರುವುದು ನಮಗೆ ಅಪರಿಚಿತವಾದ ದಾರಿಯೇನೂ ಅಲ್ಲ.

ಉತ್ತರ — ಸ್ವರಸಾಧಕ

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದ ಪದವೊಂದನ್ನು ಪಕ್ಕದಲ್ಲಿಟ್ಟುಕೊಂಡು ಕಲಿತರೆ ಎರಡೂ ಗಟ್ಟಿಯಾಗುತ್ತವೆ ಎಂಬುದು ನನ್ನ ಅನುಭವ. ‘ಕ್ರೆಶೆಂಡೊ’ ಎಂಬುದು ಇಟಾಲಿಯನ್ನಿನಲ್ಲಿ ‘ಬೆಳೆಯುತ್ತಿರುವ’ ಎಂಬ ಅರ್ಥದ ಪದ; ಪಾಶ್ಚಾತ್ಯ ಸಂಗೀತದಲ್ಲಿ ನಾದದ ಗಟ್ಟಿತನ ಹಂತಹಂತವಾಗಿ ಹೆಚ್ಚುವುದಕ್ಕೆ ಆ ಹೆಸರು. ಅದರ ಲ್ಯಾಟಿನ್ ಬೇರಿನಿಂದಲೇ ‘ಇನ್‌ಕ್ರೀಸ್’, ‘ಡಿಕ್ರೀಸ್’ ಮತ್ತು ಬೆಳೆಯುವ ಚಂದ್ರನನ್ನು ಹೇಳುವ ‘ಕ್ರೆಸೆಂಟ್’ ಬಂದಿವೆ. ‘ಬೂಮ್’ ಸದ್ದಿನಿಂದ ಬೆಳವಣಿಗೆಗೆ ಬಂದಿದ್ದರೆ ‘ಕ್ರೆಶೆಂಡೊ’ ಬೆಳವಣಿಗೆಯಿಂದ ಸದ್ದಿಗೆ ಬಂದಿದೆ. ಸ್ವಭಾವದಲ್ಲಿಯೂ ಅವು ಬೇರೆ: ಮೊದಲನೆಯದು ಒಮ್ಮೆಲೇ ಆಗುವಂಥದ್ದು, ಎರಡನೆಯದು ಕ್ರಮವಾಗಿ ಏರುವಂಥದ್ದು. ‘ರೀಚ್ಡ್ ಎ ಕ್ರೆಶೆಂಡೊ’ ಎಂದು ತುತ್ತತುದಿಯ ಅರ್ಥದಲ್ಲಿ ಪತ್ರಿಕೆಗಳು ಬರೆಯುವುದುಂಟು, ನಿಘಂಟುಗಳೂ ಆ ಬಳಕೆಯನ್ನು ದಾಖಲಿಸುತ್ತವೆ. ಆದರೆ ಸಂಗೀತಗಾರರಿಗೆ ಕ್ರೆಶೆಂಡೊ ಎಂದರೆ ಏರುವ ದಾರಿ. ಏರಿ ತಲುಪಿದ ತುದಿಗೆ ಅವರು ಆ ಹೆಸರನ್ನು ಕೊಡುವುದಿಲ್ಲ.

ಮರುಪ್ರಶ್ನೆ — ಪದಾನ್ವೇಷಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕರ್ತೃಪದವನ್ನು ನೋಡಬೇಕೆಂಬ ಸಲಹೆಯಿಂದ ವಾಣಿಜ್ಯ ಪುಟದ ವಾಕ್ಯಗಳು ಈಗ ನನಗೆ ಸಲೀಸಾಗಿ ತೆರೆದುಕೊಳ್ಳುತ್ತಿವೆ. ಇನ್ನೂ ಕೆಲವು ಸಂಗತಿಗಳನ್ನು ಕೇಳಬೇಕೆನಿಸಿದೆ. ‘ಸಾನಿಕ್ ಬೂಮ್’ ಎಂಬಲ್ಲಿ ವೇಗ ಹೆಚ್ಚುವುದೂ ಇದೆ, ಸದ್ದೂ ಇದೆ. ಅದನ್ನು ಯಾವ ಕಡೆಗೆ ಸೇರಿಸಬೇಕು? ‘ಬೂಮ್ ಅಂಡ್ ಬಸ್ಟ್’ ಎಂಬ ಜೋಡುನುಡಿಯನ್ನು ಕನ್ನಡದಲ್ಲಿ ಹೇಗೆ ಹೇಳುವುದು? ಕೊನೆಯದಾಗಿ, ‘ದ ಡ್ರಮ್ಸ್ ಬೂಮ್ಡ್ ಆಲ್ ನೈಟ್’, ‘ಆನ್‌ಲೈನ್ ಸೇಲ್ಸ್ ಆರ್ ಬೂಮಿಂಗ್’, ‘ದ ಕಂಪನಿ ಬೂಮ್ಡ್ ಇಟ್ಸ್ ಪ್ರಾಫಿಟ್ಸ್’, ‘ದ ರೋಸಸ್ ಆರ್ ಬೂಮಿಂಗ್’ ಎಂಬ ವಾಕ್ಯಗಳಲ್ಲಿ ಯಾವುವು ನಿಲ್ಲುತ್ತವೆ, ಯಾವುವು ನಿಲ್ಲುವುದಿಲ್ಲ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ — ನಿಘಂಟು ಓದುಗ

‘ಸಾನಿಕ್ ಬೂಮ್’ ಪೂರ್ತಿಯಾಗಿ ಸದ್ದಿನ ಕಡೆಯದು. ವಿಮಾನ ಶಬ್ದದ ವೇಗವನ್ನು ಮೀರಿದಾಗ ಅದರ ಮುಂದಿನ ಒತ್ತಡದ ಅಲೆಗಳು ಒಂದರ ಮೇಲೊಂದು ಸೇರಿ ಆಘಾತ ತರಂಗವಾಗುತ್ತವೆ, ಅದು ನೆಲವನ್ನು ತಲುಪಿದಾಗ ಗುಡುಗಿನಂತೆ ಕೇಳುತ್ತದೆ. ಸಮುದ್ರಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಶಬ್ದದ ವೇಗ ಗಂಟೆಗೆ ಸುಮಾರು 1,225 ಕಿಲೋಮೀಟರ್. ಶಬ್ದದ ವೇಗವನ್ನು ದಾಟುವ ಆ ಒಂದು ಕ್ಷಣದಲ್ಲಿ ಮಾತ್ರ ಸದ್ದಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ವಾಸ್ತವದಲ್ಲಿ ವಿಮಾನ ಆ ವೇಗವನ್ನು ಮೀರಿ ಹಾರುತ್ತಿರುವಷ್ಟು ಹೊತ್ತೂ ಆ ತರಂಗ ಅದರ ಜೊತೆಯಲ್ಲಿಯೇ ಸಾಗುತ್ತದೆ, ದಾರಿಯುದ್ದಕ್ಕೂ ಕೆಳಗಿರುವವರಿಗೆ ಅವರವರ ಸರದಿ ಬಂದಾಗ ಕೇಳುತ್ತದೆ.

ಉತ್ತರ — ಭಾಷಾಬೋಧಕಿ

‘ಬೂಮ್ ಅಂಡ್ ಬಸ್ಟ್’ ಎಂಬುದಕ್ಕೆ ‘ಉಬ್ಬರವಿಳಿತ’ ಎಂಬುದೇ ನನಗೆ ಹಿಡಿಸಿದ ಪದ. ಸಮುದ್ರದ ಮಾತೆಂದು ಓದುಗರು ತಪ್ಪು ತಿಳಿಯಬಾರದೆನಿಸಿದರೆ ‘ಆರ್ಥಿಕ ಉಬ್ಬರವಿಳಿತ’ ಎಂದು ಬರೆಯಬಹುದು. ಆದರೆ ಇಂಗ್ಲಿಷ್ ಜೋಡುನುಡಿಯಲ್ಲಿ ಇಳಿಯುವುದು ಕುಸಿತವೇ ಆಗಿರುತ್ತದೆ ಎಂಬುದನ್ನು ನೆನಪಿಡಬೇಕು. ಅಂತರಜಾಲ ಕಂಪನಿಗಳ ಭರಾಟೆಯ ಕಾಲದಲ್ಲಿ ಅಮೆರಿಕದ ನ್ಯಾಸ್‌ಡ್ಯಾಕ್ ಷೇರುಪೇಟೆ ಸೂಚ್ಯಂಕ 2000ದ ಮಾರ್ಚ್ 10ರಂದು 5,048ಕ್ಕೆ ಏರಿ ಮುಗಿದಿತ್ತು, 2002ರ ಅಕ್ಟೋಬರ್ ಹೊತ್ತಿಗೆ 1,114ಕ್ಕೆ ಕುಸಿದಿತ್ತು. ಆ ಏರಿಕೆಯನ್ನು ‘ಡಾಟ್‌ಕಾಮ್ ಬೂಮ್’ ಎಂದೂ ಕುಸಿತವನ್ನು ‘ಬಸ್ಟ್’ ಎಂದೂ ಬರೆದರು.

ನಿಮ್ಮ ಮೊದಲ ಎರಡು ವಾಕ್ಯಗಳು ಸೊಗಸಾಗಿ ನಿಲ್ಲುತ್ತವೆ. ಗುಲಾಬಿಯ ವಾಕ್ಯದಲ್ಲಿ ಬೇಕಾದದ್ದು ‘ಬ್ಲೂಮಿಂಗ್’. ಹೂ ಅರಳುವುದನ್ನು ಹೇಳುವ ‘ಬ್ಲೂಮ್’ಗೂ ಈ ಪದಕ್ಕೂ ಲಕಾರದ ವ್ಯತ್ಯಾಸವಷ್ಟೇ ಇರುವುದರಿಂದ ಬರೆಯುವಾಗಲೂ ಹೇಳುವಾಗಲೂ ಎಚ್ಚರ ಅಗತ್ಯ. ಹಾಗೆಯೇ ‘ಬಾಂಬ್’ನೊಡನೆ ಬೆರೆಸಬೇಡಿ: ಇಂಗ್ಲಿಷಿನಲ್ಲಿ ಅದರ ಕೊನೆಯ ಬಕಾರ ಉಚ್ಚಾರವಾಗುವುದಿಲ್ಲ, ಸ್ವರವೂ ಊಕಾರವಲ್ಲ.

ಕಂಪನಿಯ ವಾಕ್ಯದಲ್ಲಿ ಇರುವ ತೊಡಕು ವ್ಯಾಕರಣದ್ದು. ಬೆಳವಣಿಗೆಯ ಅರ್ಥದಲ್ಲಿ ಇಂದಿನ ಇಂಗ್ಲಿಷಿನಲ್ಲಿ ‘ಬೂಮ್’ ಅಕರ್ಮಕ. ಲಾಭ ತಾನಾಗಿ ಬೂಮ್ ಆಗಬಹುದು, ಕಂಪನಿ ಅದನ್ನು ಬೂಮ್ ಮಾಡಲಾರದು. 19ನೆಯ ಶತಮಾನದ ಕೊನೆಯ ಅಮೆರಿಕದ ಬರಹಗಳಲ್ಲಿ ಒಂದು ಊರನ್ನೋ ಸರಕನ್ನೋ ಭರದಿಂದ ಪ್ರಚಾರ ಮಾಡಿ ಮೇಲೆತ್ತುವುದಕ್ಕೆ ಇದನ್ನು ಸಕರ್ಮಕವಾಗಿ ಬಳಸಿದ್ದು ಕಾಣುತ್ತದೆ, ಆದರೆ ಅದು ಈಗ ಹಳತಾಗಿದೆ. ನಿಮ್ಮ ವಾಕ್ಯಕ್ಕೆ ‘ಬೂಸ್ಟೆಡ್’ ಎಂಬ ಕ್ರಿಯಾಪದ ಸರಿಹೊಂದುತ್ತದೆ. ಸದ್ದಿನ ಅರ್ಥದಲ್ಲಿ ಮಾತ್ರ ಆಡಿದ ಮಾತನ್ನೇ ಕರ್ಮವಾಗಿ ಇಡುವ ರೂಢಿ ಉಂಟು: ‘ಕಮ್ ಇನ್, ಹೀ ಬೂಮ್ಡ್’ ಎಂದು ಕಥೆಗಳಲ್ಲಿ ಧಾರಾಳವಾಗಿ ಸಿಗುತ್ತದೆ, ಮತ್ತು ಅಲ್ಲಿ ಅದರ ಅರ್ಥ ‘ಒಳಗೆ ಬಾ ಎಂದು ಗುಡುಗಿದ’ ಎಂದು.